ಜೋಡಿ ಎಕ್ಕದಣ್ಣ

ಅಕ್ಕಿಹೆಬ್ಬಾಳಿನ ಟೀ ಅಂಗಡಿಯಲ್ಲಿ ಜೋಡಿ ಎಕ್ಕದಣ್ಣನ ಪಕ್ಕ ಕೂರುವ ಮುಂಚೆ ಮೈಸೂರು ರೈಲಿಗೆ ಎಷ್ಟು ಹೊತ್ತಿದೆ ಅಂತ ನೋಡಿಕೊಳ್ಳುವುದು ಒಳ್ಳೆಯದು. ಕೂತಿರೋ, ಮೊಬೈಲ್ ಪೋಕರ್ ಕತೆ ಶುರು. ‘ಎಲ್ಡೂ ಎಕ್ಕ ಕನ್ಲಾ ನನ್ ಕೈಲಿ. ಅವನ್ ತಾವ ಜೋಡಿ ರಾಜ. ಇದ್ದಬದ್ದದ್ನೆಲ್ಲ ತಳ್ಬುಟ್ಟೆ. ಕೊನೇ ಎಲೆ ಬಂತು ನೋಡು...’ ಇಲ್ಲೊಂದು ಗುಟುಕು ಟೀ. ‘ರಾಜ!’ ಆ ಎಲೆ ಬಿದ್ದ ಜಾಗವನ್ನು ಬೆಂಚಿನ ಹಲಗೆಯ ಮೇಲೆ ಹೆಬ್ಬೆರಳಲ್ಲಿ ಒತ್ತಿ ತೋರಿಸುತ್ತಾನೆ. ಗೆಲ್ಲುವ ಆಟ ಹೀಗೆ ಕೊನೇ ಎಲೆಗೆ ಕೈಬಿಟ್ಟರೆ ‘ಬ್ಯಾಡ್ ಬೀಟ್’ ಅನ್ನುತ್ತಾರೆಂದು ಊರಿಗೆ ಕಲಿಸಿದವನೂ ಇವನೇ. ನಾಲೆಗೆ ನೀರು ಬಿಡದಿದ್ದರೂ ಹುಡುಗರು ಈಗ ಅದನ್ನೇ ಅನ್ನುತ್ತಾರೆ.

ಲೆಕ್ಕ ನೋಡಿದರೆ, ಕೊನೇ ಎಲೆಗೆ ಮುಂಚೆ ಉಳಿದಿರುವುದು 44 ಎಲೆ, ಅದರಲ್ಲಿ ರಾಜ ಎರಡು. ಸರಾಸರಿ 22ಕ್ಕೊಂದು ಸಲ ಆ ದರಿದ್ರ ರಾಜ ಬರಲೇಬೇಕು. ಮೊದಲ ಎಲೆಯಿಂದ ಹಿಡಿದರೆ ಜೋಡಿ ಎಕ್ಕ ಜೋಡಿ ರಾಜನ ಮುಂದೆ ನೂರಕ್ಕೆ ಸುಮಾರು 18 ಸಲ ಮಣ್ಣು ಮುಕ್ಕುತ್ತದೆ. ಗೆದ್ದ 82 ಅಣ್ಣನಿಗೆ ನೆನಪಿಲ್ಲ, ಅದು ತಲೆಯ ದುಡಿಮೆ. ಸೋತ 18ಕ್ಕೆ ಮಾತ್ರ ತಾರೀಖು, ತಿಥಿ, ನಕ್ಷತ್ರ ಸಮೇತ ದಾಖಲೆ ಇದೆ.

ಯುಗಾದಿಗೆ ಜಗಲಿ ಮೇಲೆ ಇಸ್ಪೀಟು ಹಾಕುವಾಗ ಇಷ್ಟು ಸಂಕಟ ಇರಲಿಲ್ಲ. ಎಲೆ ಕಲೆಸಬೇಕು, ಹಂಚಬೇಕು, ಜಗಳ ಆಡಬೇಕು, ಮಾರನೇ ದಿನ ಹೊಸತೊಡಕಿನ ಬಾಡೂಟಕ್ಕೆ ಏಳಬೇಕು. ಮೊಬೈಲಿನಲ್ಲಿ ಒಂದೇ ಮೇಜಿನಲ್ಲಿ ಗಂಟೆಗೆ ಅರವತ್ತು ಎಪ್ಪತ್ತು ಆಟ ಮುಗಿಯುತ್ತದೆ, ಅಣ್ಣ ಎರಡು ಮೇಜು ತೆರೆದು ಕೂರುತ್ತಿದ್ದ. ಜಗಲಿಯಲ್ಲಿ ವರ್ಷಕ್ಕೊಮ್ಮೆ ಬರುವ ಗ್ರಹಚಾರ ಇಲ್ಲಿ ವಾರಕ್ಕೊಮ್ಮೆ ವಕ್ಕರಿಸಿದರೆ ಆಪ್‌ನವನದೇ ಮೋಸ!

ಜೋಡಿ ಏಳು ಹಿಡಿದು, ಕೊನೇ ಗಳಿಗೆಯಲ್ಲಿ ಮೂರನೇ ಏಳು ಬಂದು, ಇವನೇ ಇನ್ನೊಬ್ಬನ ದುಡ್ಡು ಬಾಚಿದ ರಾತ್ರಿಗಳೂ ಇದ್ದೇ ಇರುತ್ತವೆ. ಆ ಕತೆ ನಮ್ಮೂರಲ್ಲಿ ಯಾರೂ ಕೇಳಿಲ್ಲ. ಪುಣೆಯಲ್ಲೋ ಪಟ್ನಾದಲ್ಲೋ ಇನ್ನೊಂದು ಟೀ ಅಂಗಡಿಯವರು ಅದನ್ನು ಕೇಳಿ ಕೇಳಿ ಸುಸ್ತಾಗಿರಬೇಕು.

2021ರಲ್ಲಿ ರಾಜ್ಯ ಸರ್ಕಾರ ಆನ್‌ಲೈನ್ ಬಾಜಿಗೆ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ತಳ್ಳಿಹಾಕಿದಾಗ ಅಣ್ಣ ಅಂಗಡಿಯಲ್ಲಿದ್ದವರಿಗೆಲ್ಲ ಟೀ ಕೊಡಿಸಿದ. ‘ಇದು ಬುದ್ಧಿ ಆಟ ಅಂತ ಕೋರ್ಟೇ ಒಪ್ಕಬುಟ್ಟದೆ!’ ಅದೇ ಸಂಜೆ ಸೋತು ಬಂದು, ‘ಎಲ್ಲಾ ಹಣೇಬರ ಕನ್ಲಾ’ ಅಂದ. ಒಂದೇ ಬಾಯಿ.

2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ತಂದು, ಬುದ್ಧಿಯದೋ ಅದೃಷ್ಟದ್ದೋ ಅಂತ ನೋಡದೆ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವನ್ನೇ ನಿಲ್ಲಿಸಿತು. ಮನೆಯಾಕೆ ನರಸಿಂಹಸ್ವಾಮಿಗೆ ಈಡುಗಾಯಿ ಒಡೆದರಂತೆ. ಅಣ್ಣನ ಪ್ರಕಾರ ಜೀವಮಾನದ ಬ್ಯಾಡ್ ಬೀಟ್ ಅದೇ: ‘ಇನ್ನೊಂದ್ ತಿಂಗ್ಳು ಬುಟ್ಟಿದ್ರೆ ಹೋದದ್ದೆಲ್ಲ ವಾಪಸ್ ಬರದು!’

ಈಗ ಪುಕ್ಕಟೆ ಚಿಪ್ಪಿನ ಆಟ. ಮೊನ್ನೆ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದ. ಮೂರು ಕೋಟಿ ಚಿಪ್ಪು ಮಿನುಗುತ್ತಿತ್ತು. ‘ನೋಡ್ಲಾ, ದುಡ್ಡು ಕಟ್ಟೋದು ನಿಂತ್‌ಮ್ಯಾಕೆ ಒಂದ್ ದಪನೂ ಎಕ್ಕ ಸೋತಿಲ್ಲ.’