ನೇರಳೆ ದೀಪದಡಿ ನನ್ನ ಮಡಿ

ಸೋಂಕು ನಿಯಂತ್ರಣದ ತರಬೇತಿಗೆ ಹೋಗಬೇಕು ಅಂದಾಗ ನಾನು ಒಳಗೊಳಗೇ ನಕ್ಕುಬಿಟ್ಟೆ. ನಮ್ಮಜ್ಜಿ ಮಡಿಯುಟ್ಟು ಬಾವಿಕಟ್ಟೆಯಿಂದ ಅಡುಗೆಮನೆಗೆ ನಡೆದರೆ ದಾರಿಯಲ್ಲಿದ್ದ ಬೆಕ್ಕೂ ಗೋಡೆಗೆ ಒತ್ತಿ ನಿಲ್ಲುತ್ತಿತ್ತು. ಗಳದ ಮೇಲಿನ ಸೀರೆಯನ್ನು ಕೋಲಿನಲ್ಲೇ ಇಳಿಸಿಕೊಳ್ಳುವ, ಎಂಜಲು ಮುಸುರೆಯ ಕಾಯಿದೆಯೆಲ್ಲ ಬಾಯಿಪಾಠವಾಗಿದ್ದ ಮನೆತನ ನಮ್ಮದು. ಸಿಂಗಪುರದಲ್ಲಿ ಎಚ್‌ಡಿಬಿ (ಸರಕಾರಿ ವಸತಿ) ಬ್ಲಾಕಿನ ಕೆಳಗಿನ ಪುಟ್ಟ ಕ್ಲಿನಿಕ್ಕಿನಲ್ಲಿ ಅಸಿಸ್ಟೆಂಟ್ ಕೆಲಸಕ್ಕೆ ಸೇರಿದ್ದೇ ತಡ, ನನಗೆ ಕೈ ತೊಳೆಯುವುದನ್ನು ಕಲಿಸುತ್ತಾರಂತೆ!

ಕೆಲಸವೇನೂ ದೊಡ್ಡದಲ್ಲ. ಬಂದವರ ಹೆಸರು ಬರೆದುಕೊಳ್ಳಬೇಕು, ಬಿಪಿ ನೋಡಬೇಕು, ಡಾಕ್ಟರು ಬರೆದ ಮಾತ್ರೆಗಳನ್ನು ಪೊಟ್ಟಣಕ್ಕೆ ಹಾಕಿ ಕೊಡಬೇಕು (ಇಲ್ಲಿ ಔಷಧಿಯೂ ಕ್ಲಿನಿಕ್ಕಿನಲ್ಲೇ ಸಿಗುತ್ತದೆ), ಆಫೀಸಿಗೆ ತೋರಿಸಲು ಎಂಸಿ, ಅಂದರೆ ಮೆಡಿಕಲ್ ಸರ್ಟಿಫಿಕೇಟಿನ ಚೀಟಿ ಕೈಗಿಡಬೇಕು. ಸೋಮವಾರ ಬೆಳಿಗ್ಗೆ ಬರುವವರಿಗೆ ಮಾತ್ರೆಗಿಂತ ಎಂಸಿಯಲ್ಲೇ ಗುಣ ಜಾಸ್ತಿ.

ಮೊದಲ ಏಟು ಬಿದ್ದದ್ದು ಬಳೆಗೆ. ಮೊಣಕೈ ಕೆಳಗೆ ಬಳೆ, ವಾಚು, ಉಂಗುರ ಏನೂ ಇರಕೂಡದು. ಅವುಗಳ ಅಡಿಯಲ್ಲಿ ಸಾಬೂನು ಹೋಗುವುದಿಲ್ಲ, ಕ್ರಿಮಿ ಮಾತ್ರ ಹಾಯಾಗಿ ಹೋಗುತ್ತದೆ. ಸಂಜೆ ಮೈಸೂರಿಗೆ ಫೋನು ಮಾಡಿ ಹೇಳಿದೆ.

“ಬರಿಗೈಲಿ ಓಡಾಡ್ತೀಯೇನೇ? ಮುತ್ತೈದೆ!”

“ಅಮ್ಮಾ, ಮೊಣಕೈ ಕೆಳಗೆ ಏನೂ ಹಾಕೋ ಹಾಗಿಲ್ಲವಂತೆ.”

ಅರೆಗಳಿಗೆ ಯೋಚಿಸಿ ಅಮ್ಮ ಅಂದಳು, “ಹಾಗಾದ್ರೆ ವಂಕಿ ಹಾಕ್ಕೊಂಡು ಹೋಗು.”

ನಮಗೆ ಪಾಠ ಹೇಳಿದವರು ಕೂದಲು ನೆರೆತ ಒಬ್ಬ ನರ್ಸು. ಇಲ್ಲಿ ಹಿರಿಯ ನರ್ಸುಗಳನ್ನು ‘ಸಿಸ್ಟರ್’ ಎಂದೇ ಕರೆಯುವುದು. ನಾನು ನಗುನಗುತ್ತಲೇ ಕೂತಿದ್ದೆ. ಅವರು 2003ರ ಸಾರ್ಸ್ ಮಾತೆತ್ತಿದಾಗ ನಗು ನಿಂತಿತು. ಆ ವರ್ಷ ಈ ಊರಿನಲ್ಲಿ 238 ಮಂದಿಗೆ ಸೋಂಕು ತಗುಲಿ 33 ಮಂದಿ ಸತ್ತರು. ಕಾಯಿಲೆ ಬಿದ್ದವರಲ್ಲಿ ಹತ್ತಿರ ಹತ್ತಿರ ಐದರಲ್ಲಿ ಎರಡು ಪಾಲು ಆಸ್ಪತ್ರೆಯಲ್ಲಿ ದುಡಿಯುವವರೇ. ಸತ್ತವರಲ್ಲಿ ಡಾಕ್ಟರೂ ಇದ್ದರು, ನರ್ಸೂ ಇದ್ದರು. ಟಾನ್ ಟಾಕ್ ಸೆಂಗ್ ಆಸ್ಪತ್ರೆಯನ್ನು ಸಾರ್ಸ್‌ಗೆಂದೇ ಮೀಸಲಿಟ್ಟಿದ್ದರು.

ಆಮೇಲೆ ಮೂಲಸೂತ್ರ. ಏಡ್ಸ್ ಭಯದ ಕಾಲದಲ್ಲಿ, 1987ರಲ್ಲಿ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೊರಡಿಸಿದ್ದು: ಯಾರ ರಕ್ತದಲ್ಲಿ ಏನಿದೆಯೋ ಮುಖ ನೋಡಿ ಹೇಳಲಾಗದು, ಆದ್ದರಿಂದ ಎಲ್ಲರ ರಕ್ತದಲ್ಲೂ ಸೋಂಕಿದೆಯೆಂದೇ ತಿಳಿದು ನಡೆದುಕೊಳ್ಳಿ. 1996ರಲ್ಲಿ ಅದನ್ನೇ ಹಿಗ್ಗಿಸಿ, ಬೆವರೊಂದನ್ನು ಬಿಟ್ಟು ಮೈಯಿಂದ ಹೊರಬರುವ ಉಳಿದೆಲ್ಲ ದ್ರವಗಳನ್ನೂ ಸೇರಿಸಿದರು. ಬೆವರನ್ನೂ ಸೇರಿಸಿದ್ದರೆ ಸಿಂಗಪುರದ ಸೆಖೆಯಲ್ಲಿ ನಾವ್ಯಾರೂ ಬಸ್ಸು ಹತ್ತುವಂತಿರಲಿಲ್ಲ.

ಅಜ್ಜಿಯ ಲೆಕ್ಕದಲ್ಲಿ ಮೈಲಿಗೆ ಯಾವಾಗಲೂ ಎದುರಿಗಿದ್ದವರದು. ಅದರಲ್ಲಿ ಕೊಳೆಯ ಪಾಲೆಷ್ಟು, ಜಾತಿಯ ಪಾಲೆಷ್ಟು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಸಿಸ್ಟರ್ ಹೇಳಿದ ಲೆಕ್ಕದಲ್ಲಿ ಎಲ್ಲರ ಮೇಲೂ ಸಮಸಮ ಅನುಮಾನ, ಅದರಲ್ಲೂ ಮೊದಲನೆಯದು ನನ್ನ ಕೈಯ ಮೇಲೆ. ಇದು ನನಗೆ ಅರ್ಥವಾದದ್ದು ಕೈಗವಸಿನ ಪರೀಕ್ಷೆಯಲ್ಲಿ.

ಮೇಜಿನ ಮೇಲೊಂದು ಪ್ಲಾಸ್ಟಿಕ್ ತೋಳು. ಅದರ ಗಾಯಕ್ಕೆ ಕೈಗವಸು ತೊಟ್ಟು ಬ್ಯಾಂಡೇಜು ಸುತ್ತಬೇಕು. ತೋಳಿಗೆ ಏನೋ ಲೋಷನ್ ಸವರಿದ್ದರು, ಅದು ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ನಾನು ಅಚ್ಚುಕಟ್ಟಾಗಿ ಸುತ್ತಿದೆ. ಅಷ್ಟರಲ್ಲಿ ಕನ್ನಡಕ ಜಾರಿತು, ಮೇಲೇರಿಸಿದೆ. ಹಣೆಯ ಸ್ಟಿಕ್ಕರು ಬಿದ್ದುಹೋಯಿತೇನೋ ಅಂತ ಮುಟ್ಟಿ ನೋಡಿಕೊಂಡೆ. ಫೋನು ಗುಂಯ್‌ಗುಟ್ಟಿತು, ಸುಮ್ಮನಾಗಿಸಿದೆ. ಪಕ್ಕದ ಮಲಯ್ ಹುಡುಗಿ ಬ್ಯಾಂಡೇಜಿನ ಗಂಟು ಬಿಚ್ಚಲಾರದೆ ಒದ್ದಾಡುತ್ತಿದ್ದಳು, ಹೆದರಬೇಡ ಅಂತ ಬೆನ್ನು ತಟ್ಟಿದೆ. ಕೊನೆಗೆ ಕೈಗವಸು ಬಿಚ್ಚುವ ಶಾಸ್ತ್ರ. ಹೊರಮೈಯನ್ನು ಮಣಿಕಟ್ಟಿನ ಬಳಿ ಚಿವುಟಿ, ಒಳಮೈ ಹೊರಗಾಗುವ ಹಾಗೆ ಸುಲಿಯಬೇಕು. ನಾನು ಬೆರಳ ತುದಿ ಹಿಡಿದು ಜಗ್ಗಿದೆ. ಅದು ಚಟ್ಟನೆ ಹಾರಿ ಸಿಸ್ಟರ್ ಫೈಲಿನ ಮೇಲೆ ಕೂತಿತು.

ದೀಪ ಆರಿಸಿ ನೇರಳೆ ಬೆಳಕಿನ ದೀಪ ಹಚ್ಚಿದರು. ನನ್ನ ಮೂಗಿನ ಮೇಲೆ ಹೊಳಪು, ಹಣೆಯಲ್ಲಿ ಮಿರುಗುವ ದೊಡ್ಡ ಬೊಟ್ಟು, ಫೋನು ಹೊಳೆಯುತ್ತಿದೆ, ಫೈಲು ಹೊಳೆಯುತ್ತಿದೆ, ಆ ಹುಡುಗಿಯ ಬೆನ್ನ ಮೇಲೆ ನನ್ನ ಐದೂ ಬೆರಳು ಅಚ್ಚೊತ್ತಿವೆ. ಇಡೀ ಕೋಣೆಯಲ್ಲಿ ಚೊಕ್ಕಟವಾಗಿದ್ದದ್ದು ಎಂದರೆ ಕೈಗವಸಿನೊಳಗಿದ್ದ ನನ್ನ ಎರಡು ಕೈಗಳು.

“ನಿಮಗೇನೂ ಆಗೋದಿಲ್ಲ ಬಿಡಿ,” ಅಂದರು ಸಿಸ್ಟರ್. “ಉಳಿದವರ ಗತಿ ನೋಡಬೇಕು.”

ಆಮೇಲೆ ಕೈ ತೊಳೆಯುವುದಕ್ಕೆ ಬಾಯಿಮುಚ್ಚಿಕೊಂಡು ನಿಂತೆ. ಸಾಬೂನಾದರೆ ತೊಳೆಯುವ ಶಾಸ್ತ್ರವೆಲ್ಲ ಸೇರಿ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30. ಅಂಗೈ, ಹಿಂಗೈ, ಬೆರಳ ಸಂದು, ಉಗುರ ತುದಿ. ಅಲ್ಲೂ ಮೊದಲೇ ಕೈಗೆ ಆ ಲೋಷನ್ ಹಚ್ಚಿಸಿ, ತೊಳೆದ ಮೇಲೆ ದೀಪ ಹಿಡಿದರು. ಹೆಬ್ಬೆರಳೆರಡೂ ಫಳಫಳ. ಅನ್ನ ಕಲಸುವಾಗ ಇಷ್ಟು ದುಡಿಯುವ ಬೆರಳನ್ನು ತೊಳೆಯುವಾಗ ಮಾತ್ರ ಮರೆಯುತ್ತೇವೆ.

ಸೂಜಿಯದು ಇನ್ನೊಂದು ಪೇಚು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು, ಚುಚ್ಚಿಕೊಳ್ಳುವುದು ಆಗಲೇ. ಹಾಗೇ ಗಟ್ಟಿ ಡಬ್ಬಿಗೆ ಹಾಕಬೇಕು, ಡಬ್ಬಿ ಮುಕ್ಕಾಲು ತುಂಬಿದರೆ ಮುಚ್ಚಿ ಕಳಿಸಬೇಕು. ತೆರೆದಿಟ್ಟ ಪಾತ್ರೆ ಕಂಡರೆ ತಟ್ಟೆಯಾದರೂ ಮುಚ್ಚಿಬರುವ ಕೈ ನನ್ನದು. ಸೂಜಿಯ ಹತ್ತಿರ ಹೋದಾಗಲೆಲ್ಲ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ.

ಕಡೆಯದು ಎನ್95 ಮಾಸ್ಕು ಮುಖಕ್ಕೆ ಒಪ್ಪುತ್ತದೋ ಇಲ್ಲವೋ ಎಂಬ ಪರೀಕ್ಷೆ. ತಲೆಗೊಂದು ಪಾರದರ್ಶಕ ಕುಲಾವಿ ಇಳಿಬಿಟ್ಟು, ಒಳಗೆ ಕಹಿ ದ್ರಾವಣ ಸಿಂಪಡಿಸುತ್ತಾರೆ. ಮೊದಲು ಮಾಸ್ಕಿಲ್ಲದೆ, ನಾಲಿಗೆಗೆ ಕಹಿ ತಿಳಿಯುತ್ತದೋ ನೋಡಲು. ಹತ್ತು ಸಲ ಒತ್ತಿ “ಕಹಿಯಾ?” ಅಂದರು. ಇಲ್ಲ. ಇಪ್ಪತ್ತಕ್ಕೂ ಇಲ್ಲ. ಹಾಗಲಕಾಯಿ ಗೊಜ್ಜು ಹಾಕಿಕೊಂಡು ಎರಡನೇ ಸಲ ಅನ್ನ ಬಡಿಸಿಕೊಳ್ಳುವ ನಾಲಿಗೆಗೆ ಇದ್ಯಾವ ಲೆಕ್ಕ! ಮೂವತ್ತಕ್ಕೂ ತಿಳಿಯದಿದ್ದರೆ ಈ ಪರೀಕ್ಷೆಯೇ ನಡೆಯದು ಎಂದಾಗ, ಅಂತೂ ಗಂಟಲಲ್ಲಿ ಬೇವಿನೆಸಳಿನ ನೆನಪಾಯಿತು.

ಆಮೇಲೆ ಮಾಸ್ಕು ಹಾಕಿ ತಲೆ ಅಲ್ಲಾಡಿಸು, ಮೇಲೆ ನೋಡು, ಬಗ್ಗು, ಕಾಮನಬಿಲ್ಲಿನ ಬಗೆಗಿನ ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದು. ಮಾಸ್ಕು ಸರಿಯಿದ್ದರೆ ಕಹಿ ತಿಳಿಯಬಾರದು. ನಾನು ಎರಡು ಸಾಲು ಓದುವಷ್ಟರಲ್ಲಿ “ಕಹಿ! ಕಹಿ!” ಅಂತ ಕನ್ನಡದಲ್ಲೇ ಕೂಗಿದೆ. ಸಿಸ್ಟರಿಗೆ ಭಾಷೆ ಬರದಿದ್ದರೂ ಮುಖ ನೋಡಿಯೇ ಅರ್ಥವಾಯಿತು. ಚಿಕ್ಕ ಅಳತೆಯ ಇನ್ನೊಂದು ಮಾಸ್ಕು ಕೊಟ್ಟರು, ಅದರಲ್ಲಿ ಪಾಸಾದೆ. ಕಾರ್ಡಿನಲ್ಲಿ ‘ಸ್ಮಾಲ್’ ಎಂದು ಬರೆದುಕೊಟ್ಟರು.

ಮದುವೆಯಾದಾಗಿನಿಂದ ನನ್ನ ಯಾವ ಅಳತೆಗೂ ಯಾರೂ ಆ ಮಾತು ಬಳಸಿರಲಿಲ್ಲ. ಸಂಜೆ ಸೆರಂಗೂನ್ ರಸ್ತೆಯ ಕೋಮಲ ವಿಲಾಸದಲ್ಲಿ ಯಜಮಾನರ ಮುಂದೆ ಕಾರ್ಡು ಹಿಡಿದೆ. ಅವರು ಮುಂಭಾಗ ನೋಡದೆ ಹಿಂದೆ ತಿರುಗಿಸಿ, ಸಣ್ಣ ಅಕ್ಷರ ಓದಿದರು: ಮೈತೂಕ ಗಣನೀಯವಾಗಿ ಹೆಚ್ಚಿದರೆ ಪರೀಕ್ಷೆಯನ್ನು ಮತ್ತೆ ಮಾಡಿಸಿಕೊಳ್ಳತಕ್ಕದ್ದು. ಓದಿ, ನನ್ನ ಎರಡನೇ ಮಸಾಲೆದೋಸೆಯನ್ನು ತಮ್ಮ ತಟ್ಟೆಗೆ ಎಳೆದುಕೊಂಡರು.