ಅಥ ಫೋಟೋಪಠ್ಯಜಿಜ್ಞಾಸಾ

ಶಾಸ್ತ್ರ ಶುರು ಮಾಡುವ ಮುಂಚೆ ಅದಕ್ಕೆ ಅಧಿಕಾರಿ ಯಾರೆಂದು ಹೇಳುವುದು ವಾಡಿಕೆ. ಫೋಟೋ ಹೊಡೆದ ಕಾಗದವನ್ನು ತಿದ್ದಲು ಬರುವ ಅಕ್ಷರವಾಗಿಸುವ ಈ ಶಾಸ್ತ್ರಕ್ಕೆ ಅಧಿಕಾರಿಯು, ಮೂಲಪ್ರತಿ ಬೇರೆಯವರ ಹತ್ತಿರವಿದ್ದು ತನ್ನಲ್ಲಿ ಅದರ ಓರೆ ಚಿತ್ರ ಮಾತ್ರ ಇರುವವನು. ಚಿತ್ರದ ಮೂಲೆಯಲ್ಲಿ ಹೊಡೆದವನ ಹೆಬ್ಬೆರಳು ಇರತಕ್ಕದ್ದು. ಬೆರಳಿಲ್ಲದ ಚಿತ್ರವನ್ನು ಬಲ್ಲವರು ಪ್ರಮಾಣವೆಂದು ಒಪ್ಪುವುದಿಲ್ಲ. ಮುಂಬಯಿ ಪ್ರಾಂತ್ಯದ ಕಾಲದ ಮೋಡಿ ಲಿಪಿಯ ಕಾಗದ ತಂದವರಿಗೆ ಇಲ್ಲಿ ಅಧಿಕಾರವಿಲ್ಲ. ಅವರು ಚಹಾ ಕುಡಿದು ಹೊರಡಬಹುದು.

ಇನ್ನು ಕಾಗದದ ಜನ್ಮಾಂತರ. ತಿಕೋಟಾದ ದ್ರಾಕ್ಷಿ ಬೆಳೆಗಾರನೊಬ್ಬನ ಅರ್ಜಿ ವಿಜಯಪುರದ ಗಾಂಧಿ ಚೌಕದ ಬದಿಯ ಡಿಟಿಪಿ ಅಂಗಡಿಯಲ್ಲಿ, ನುಡಿ ತಂತ್ರಾಂಶದಲ್ಲಿ ಹುಟ್ಟಿತೆನ್ನಿ. ಆಗ ಅದು ನಿರ್ಮಲ ಅಕ್ಷರ, ಬೇಕಾದಷ್ಟು ತಿದ್ದಬಹುದು. ಪ್ರಿಂಟಾದಾಗ ಎರಡನೆಯ ಜನ್ಮ. ಶಿಕ್ಕಾ ಬಿದ್ದಾಗ ಮೂರನೆಯದು. ಝೆರಾಕ್ಸು, ಆ ಝೆರಾಕ್ಸಿನ ಫೋಟೋ, ಫೋಟೋವನ್ನು ಹಿಂಡಿ ಸಣ್ಣದು ಮಾಡುವ ವಾಟ್ಸಾಪು. ಇಷ್ಟು ಯೋನಿ ದಾಟಿ ಬಬಲೇಶ್ವರದ ಅಳಿಯನ ಮೊಬೈಲಿಗೆ ಬರುವಾಗ ಅದಕ್ಕೆ ಪೂರ್ವಜನ್ಮದ ನೆನಪಿಲ್ಲ. ಅಳಿಯ ಅದನ್ನು ಮತ್ತೆ ಅಕ್ಷರವಾಗಿಸಲು ತಪಸ್ಸಿಗೆ ಕೂರುತ್ತಾನೆ.

'ಅಂಗಡ್ಯಾಗ ಫೈಲ್ ಇರತೈತಲ್ರೀ, ಅದನ್ನ ಕಳಸಂದ್ರ ಆಗೂದಿಲ್ಲೇನು?' ಎಂಬುದು ಪೂರ್ವಪಕ್ಷ. ಇದಕ್ಕೆ ಉತ್ತರ: ಹಳೆಯ ನುಡಿ ಫಾಂಟು ಯೂನಿಕೋಡ್ ಅಲ್ಲವಾದ್ದರಿಂದ, ಆ ಫಾಂಟಿಲ್ಲದ ಮೊಬೈಲಿನಲ್ಲಿ ಅರ್ಜಿಯು ಬಾಲ-ಚುಕ್ಕೆ ಮೂಡಿದ ರೋಮನ್ ಅಕ್ಷರಗಳ ಸಂತೆಯಾಗುತ್ತದೆ. ಇನ್ನೊಂದು ಉತ್ತರವೂ ಉಂಟು, ಇದನ್ನು ಖಂಡಿಸಿದವರಿಲ್ಲ: ಅಂಗಡಿಯವ ಫೋನು ಎತ್ತುವುದಿಲ್ಲ.

ಯಂತ್ರ ಓದುವ ಬಗೆ ಹೇಗೆ? ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಸಾಲು ಸೀಳಿ, ಪ್ರತಿ ಆಕಾರಕ್ಕೂ ತಾನು ಕಲಿತ ಅಕ್ಷರಗಳಲ್ಲಿ ಹೆಚ್ಚು ಹೋಲುವುದನ್ನು ಹಚ್ಚುತ್ತದೆ. ಎಚ್‌ಪಿ ಕಂಪನಿಯಲ್ಲಿ 1985ರಲ್ಲಿ ಹುಟ್ಟಿ 2005ರಲ್ಲಿ ಎಲ್ಲರಿಗೂ ಮುಕ್ತವಾದ ಟೆಸರಾಕ್ಟ್ ಎಂಬ ಅಕ್ಷರ ಓದುವ ತಂತ್ರಾಂಶ ಮೊದಲು ಪಳಗಿದ್ದು ರೋಮನ್ ಲಿಪಿಯಲ್ಲಿ. ಅಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಶಿಸ್ತಾಗಿ ನಿಲ್ಲುತ್ತವೆ. ನಮ್ಮಲ್ಲಿ ಒಂದು ಅಕ್ಷರದ ಕೆಳಗೆ ಇನ್ನೊಂದು ಬಾಡಿಗೆಗಿರುತ್ತದೆ. ಸಾಲು ಇಕ್ಕಟ್ಟಾದರೆ ಮೇಲಿನವರ ಒತ್ತು ಕೆಳಗಿನವರ ಗುಡಿಸಿಗೆ ತಗಲಿ ಇಬ್ಬರ ಅರ್ಥವೂ ಕೆಡುತ್ತದೆ. ಹೊಟ್ಟೆ ಸೀಳಿದ ಗೆರೆ ಝೆರಾಕ್ಸಿನಲ್ಲಿ ಮಾಸಿದರೆ 'ಧನ' ಹೋಗಿ 'ದನ' ಬರುತ್ತದೆ. ಮನೆ 'ವುನೆ'ಯಾಗುತ್ತದೆ.

ನಮ್ಮ ಬೆಳೆಗಾರ ಅಭಿಮಾನದಿಂದ ಕನ್ನಡ ಅಂಕಿಯನ್ನೇ ಹೊಡೆಸಿದ್ದ. ೯ ಮತ್ತು ೬ ಮನುಷ್ಯರಿಗೇ ಗೊಂದಲ ಹುಟ್ಟಿಸುವ ಜೋಡಿ.

'ಮಾವಾ, ನಿಮ್ಮ ಒಂಬತ್ತ ಎಕರೆ ಆರ ಆಗೈತ್ರಿ.'

'ಯಾರ ನುಂಗಿದ್ರೋ?'

'ಯಾರೂ ನುಂಗಿಲ್ರಿ. ಮೊಬೈಲ್ ಹಂಗ ಓದೈತಿ.'

ಕೋರ್ಟಿಲ್ಲ, ವಕೀಲರಿಲ್ಲ, ಅಣ್ತಮ್ಮರ ಜಗಳವಿಲ್ಲ. ಮೂರು ಎಕರೆ ಹೋಯಿತು. ಡಿಟಿಪಿ ಹುಡುಗನಾದರೆ 'ಇದ ಆರೋ ಒಂಬತ್ತೋ?' ಎಂದು ಕೇಳುತ್ತಿದ್ದ. ಯಂತ್ರವೂ ಒಳಗೊಳಗೆ ತನ್ನ ಊಹೆಗೆ ಅಂಕ ಹಾಕಿಕೊಳ್ಳುತ್ತದಂತೆ, ಆದರೆ ಆ ಅಂಕಪಟ್ಟಿಯನ್ನು ಮೊಬೈಲು ಅಳಿಯನಿಗೆ ತೋರಿಸುವುದಿಲ್ಲ.

ಈ ಶಾಸ್ತ್ರದ ಪೂರ್ವಾಚಾರ್ಯರು ಇದೇ ವಿಜಯಪುರದಲ್ಲಿದ್ದರು. ವಕೀಲ ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಕೂಡಿಸಿ, ಪದಗಳ ನಡುವೆ ಜಾಗವೇ ಬಿಡದ ಆ ಬರಹವನ್ನು ಬಿಡಿಸಿ ಓದಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚು ಹಾಕಿಸಿದರು. ಮುಂದೆ ಸ್ವಂತ ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಇಂದಿನ ಸಾಧಕನಿಗೆ ಆ್ಯಪಿನ ಜಾಹೀರಾತು ಮುಗಿಯುವತನಕ ಕಾಯುವುದೇ ಮಹಾತ್ಯಾಗ, ಅದನ್ನೂ ಅರ್ಧಕ್ಕೇ ಮುಚ್ಚುತ್ತಾನೆ. ಹಳಕಟ್ಟಿಯವರ ಪದ್ಧತಿಯಲ್ಲಿ ಒಂದು ದೋಷವಿತ್ತೆಂದು ನವ್ಯಪಂಥದವರ ಆಕ್ಷೇಪ: ಒಂದು ಪುಟ ಓದಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿತ್ತು.

ಫಲಶ್ರುತಿ. ಈ ಪ್ರಬಂಧವನ್ನು ಭಕ್ತಿಯಿಂದ ಓದಿದವರಿಗೆ ೯ ಎಕರೆ ದ್ರಾಕ್ಷಿ ತೋಟ ಪ್ರಾಪ್ತಿ. ಫೋಟೋ ಹೊಡೆದು ಓದಿದವರಿಗೆ ೬.