ಬಾಡಿಗೆ ತರುವ ಆಸ್ತಿ

ಬಾಡಿಗೆಯ ಆಸೆಗೆ ಆಸ್ತಿ ಹುಡುಕುವವರಿಗೆ ಚಿಕ್ಕೋಡಿಯಲ್ಲಿ ಮೊದಲು ತೋರಿಸುವುದು ಖಾಲಿ ಪ್ಲಾಟು. ಅಲ್ಲಿ ಬೆಳೆಯುವುದು ಹುಲ್ಲೊಂದೇ. ಆದರೂ ‘ಚಿಕ್ಕೋಡಿ ಜಿಲ್ಲಾ ಆಗತೈತ್ರಿ’ ಎಂದರೆ ಸಾಕು, ನಿಂತ ನಿಲುವಿನಲ್ಲೇ ದರ ಏರುತ್ತದೆ. ಜಿಲ್ಲೆಯ ಬೇಡಿಕೆಗೆ ದಶಕಗಳ ವಯಸ್ಸಾಗಿದೆ. ಪ್ಲಾಟಿನ ಕಾಂಪೌಂಡು ಅಷ್ಟು ಬಾಳುವುದಿಲ್ಲ.

ಮನೆ ಕಟ್ಟಿಸಿದರೆ ಕಾಲೇಜು ಹುಡುಗರು ಸಿಗುತ್ತಾರೆ. ಇಬ್ಬರೆಂದು ಖೋಲಿ ಹಿಡಿದವರು ಶ್ರಾವಣದ ಹೊತ್ತಿಗೆ ಐವರಾಗಿರುತ್ತಾರೆ. ಇದು ಮೊದಲು ಗೊತ್ತಾಗುವುದು ನೀರಿನ ಟಾಕಿಗೆ. ಕರಾರು 11 ತಿಂಗಳಿಗೆ. ವರ್ಷ ಮೀರಿದರೆ 1908ರ ಕಾಯ್ದೆಯಂತೆ ನೋಂದಣಿ ಕಡ್ಡಾಯವಲ್ಲವೇ! ಹೀಗೆ 11 ತಿಂಗಳಿಗೆ ಬಂದ ಸಂಸಾರ ಮಗಳ ಮದುವೆ ಮುಗಿಸಿಕೊಂಡೇ ಖಾಲಿ ಮಾಡುವುದುಂಟು.

ನಿಪ್ಪಾಣಿಯ ತಂಬಾಕಿನ ವಖಾರಿಗೆ ಬಣ್ಣ ಬೇಡ, ನಲ್ಲಿಯ ತಕರಾರಿಲ್ಲ. ಪುಣೆ-ಬೆಂಗಳೂರು ಹೆದ್ದಾರಿ ಹತ್ತಿರದಲ್ಲೇ ಇದೆ. ಬಾಡಿಗೆ ಕೇಳಲು ಒಳಗೆ ಕಾಲಿಟ್ಟ ಮಾಲಕ ಮಾತ್ರ ಸೀನುತ್ತ ಸೀನುತ್ತ ಎಷ್ಟು ಬಾಕಿಯೆಂಬುದನ್ನೇ ಮರೆತು ಹೊರಬರುತ್ತಾನೆ.

ರಾಯಬಾಗ, ಅಥಣಿಗಳಲ್ಲಿ ‘ಕಬ್ಬಿನ ಬಿಲ್ಲು ಬರಲಿ, ಕೊಡ್ತೇನ್ರಿ’ ಎಂಬುದೇ ಬಾಡಿಗೆಯ ತಾರೀಖು. ಕಾಗವಾಡದ ಕಡೆ, ಅದರಲ್ಲೂ ಕೃಷ್ಣೆಯ ದಂಡೆಯ ಊರುಗಳಲ್ಲಿ, 2005 ಮತ್ತು 2019ರ ಮಹಾಪೂರದ ನೀರು ಎಲ್ಲಿಯವರೆಗೆ ಏರಿತ್ತೆಂದು ವಿಚಾರಿಸಬೇಕು. ‘ನಮ್ಮ ಓಣಿಗೆ ಬಂದೇ ಇಲ್ರಿ’ ಎನ್ನುವ ಮಾರಾಟಗಾರನ ಬೆನ್ನ ಹಿಂದೆ, ಗೋಡೆಯ ಮೇಲೆ ಎದೆಮಟ್ಟದಲ್ಲಿ ಕೆಸರಿನ ಗೆರೆ ಇರುತ್ತದೆ.

ದೀರ್ಘಕಾಲಕ್ಕೆ ಬಸ್‌ಸ್ಟ್ಯಾಂಡ್ ಬದಿಯ ಸಣ್ಣ ಮಳಿಗೆಯೇ ವಾಸಿ. ಚಹಾದವನು ಬಾಡಿಗೆ ತಪ್ಪಿಸಿದ ತಿಂಗಳು ಚಹಾವಾದರೂ ಬಿಟ್ಟಿ ಸಿಗುತ್ತದೆ.